ಬಿರುಕಿನ ಮೇಲಿನ ಸ್ಟೇಡಿಯಂ: ಬರ್ಕ್ಲಿ ವಿಶ್ವವಿದ್ಯಾಲಯದ ಒಂದು ದುರಸ್ತಿ, ಒಂದು ಸಾಲ

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊಸ ಕಟ್ಟಡಕ್ಕೆ ದುಡ್ಡು ಸಿಗುತ್ತದೆ, ಹಳೆಯದರ ರಿಪೇರಿಗೆ ಸಿಗುವುದಿಲ್ಲ. ಶಂಕುಸ್ಥಾಪನೆಯ ಕಲ್ಲಿಗೆ ಹೆಸರು ಕೆತ್ತಿಸಬಹುದು, ಸೋರುವ ಪೈಪಿಗೆ ಯಾರ ಹೆಸರು ಬರೆಸುವುದು? ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು. ಅಮೆರಿಕದ ಅತ್ಯಂತ ಹೆಸರುವಾಸಿ ಸರ್ಕಾರಿ ವಿಶ್ವವಿದ್ಯಾಲಯವೂ ಇದೇ ಗೋಡೆಗೆ ಹಣೆ ಚಚ್ಚಿಕೊಂಡಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ ತನ್ನ ಮೆಮೋರಿಯಲ್ ಸ್ಟೇಡಿಯಮ್ಮನ್ನು ದುರಸ್ತಿ ಮಾಡಿಸಿದ ಪ್ರಕರಣದಲ್ಲಿ ಎಂಜಿನಿಯರಿಂಗ್ ಅಚ್ಚುಕಟ್ಟಾಗಿತ್ತು, ಹಣಕಾಸು ಎಡವಿತು. ಹೀಗೇಕಾಯಿತು ಎಂಬುದೇ ಇಲ್ಲಿನ ವಿಷಯ.

ಕ್ಯಾಂಪಸ್ಸಿನ ಪೂರ್ವದ ಅಂಚಿನಲ್ಲಿ, ಸ್ಟ್ರಾಬೆರಿ ಕಣಿವೆಯ ಬಾಯಿಯಲ್ಲಿ ಈ ಸ್ಟೇಡಿಯಂ ಇದೆ. ವಿನ್ಯಾಸ ಜಾನ್ ಗೇಲನ್ ಹೊವರ್ಡ್ ಅವರದು. ಕ್ಯಾಂಪಸ್ಸಿನ ಹಳೆಯ ಕಟ್ಟಡಗಳಲ್ಲಿ ಬಹಳಷ್ಟು ಅವರ ಕೈಯಿಂದಲೇ ಬಂದವು. ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆಂದು ಸಾರ್ವಜನಿಕರಿಂದ ವಂತಿಗೆ ಎತ್ತಿ ಕಟ್ಟಿದ್ದು. 1923ರ ನವೆಂಬರ್ 24ರಂದು ಸ್ಟ್ಯಾನ್‌ಫರ್ಡ್ ವಿರುದ್ಧದ ಫುಟ್‌ಬಾಲ್ ಪಂದ್ಯದೊಂದಿಗೆ ಬಾಗಿಲು ತೆರೆಯಿತು. ಫುಟ್‌ಬಾಲ್ ಎಂದರೆ ಇಲ್ಲಿ ಅಮೆರಿಕದವರ ಫುಟ್‌ಬಾಲ್, ಕೈಯಲ್ಲಿ ಹಿಡಿದು ಓಡುವುದು. ಅಲ್ಲಿ ಕಾಲೇಜು ತಂಡದ ಆಟಕ್ಕೆ ನಮ್ಮ ಐಪಿಎಲ್‌ಗೆ ಸೇರುವಷ್ಟು ಜನ ಸೇರುತ್ತಾರೆ.

ಕಣಿವೆಯನ್ನು ಮಟ್ಟ ಮಾಡಲು ಪಕ್ಕದ ಗುಡ್ಡದ ಮೇಲೆ ರಭಸವಾಗಿ ನೀರು ಹಾಯಿಸಿ ಮಣ್ಣು ಕೆಳಗಿಳಿಸಿದರು. ಸ್ಟ್ರಾಬೆರಿ ಹೊಳೆಯನ್ನು ಕಾಂಕ್ರೀಟ್ ಕೊಳವೆಯೊಳಗೆ ನುಗ್ಗಿಸಿ ಮೈದಾನದ ಅಡಿಯಿಂದ ದಾಟಿಸಿದರು. ಆದರೆ ಆ ಜಾಗದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಹೇವರ್ಡ್ ಸ್ತರಭಂಗ, ಅಂದರೆ ಭೂಮಿಯ ಹೊರಪದರ ಸೀಳಿ ಎರಡು ಕಡೆಯೂ ವಿರುದ್ಧ ದಿಕ್ಕಿಗೆ ಸರಿಯುವ ಗೆರೆ, ಸ್ಟೇಡಿಯಮ್ಮಿನ ಉತ್ತರ ತುದಿಯಿಂದ ದಕ್ಷಿಣ ತುದಿಗೆ ನೇರವಾಗಿ ಹಾದುಹೋಗುತ್ತದೆ. ಹೆಚ್ಚುಕಡಿಮೆ ಒಂದು ಗೋಲ್ ಕಂಬದಿಂದ ಇನ್ನೊಂದಕ್ಕೆ.

ಈ ಗೆರೆ ಬೇ ಏರಿಯಾದ, ಅಂದರೆ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರುಗಳ, ಕನ್ನಡಿಗರಿಗೆ ದೂರದ್ದಲ್ಲ. ಬರ್ಕ್ಲಿಯಿಂದ ಓಕ್ಲೆಂಡ್, ಹೇವರ್ಡ್ ದಾಟಿ ಅದು ಫ್ರೀಮಾಂಟಿನ ಕೆಳಗೂ ಹೋಗುತ್ತದೆ. ಕನ್ನಡ ಮಾತಾಡುವ ಮನೆಗಳು ಅಲ್ಲಿ ಸಾಕಷ್ಟಿವೆ. 1868ರ ಅಕ್ಟೋಬರ್ 21ರಂದು ಈ ಸ್ತರಭಂಗ ಸಿಡಿದಾಗ ಸುಮಾರು 30 ಜನ ಸತ್ತರು. 1906ರ ಭೂಕಂಪ ಬರುವವರೆಗೆ ಸ್ಯಾನ್‌ಫ್ರಾನ್ಸಿಸ್ಕೋ ಮಂದಿ ‘ದೊಡ್ಡ ಭೂಕಂಪ’ ಎಂದು ಹೇಳುತ್ತಿದ್ದದ್ದು ಅದನ್ನೇ. ಫ್ರೀಮಾಂಟಿನ ಒಂದು ಹಳೆಯ ಕೆರೆಯ ಮಣ್ಣಿನ ಪದರಗಳನ್ನು ಅಗೆದು ಓದಿದ ಭೂವಿಜ್ಞಾನಿಗಳ ಲೆಕ್ಕದಲ್ಲಿ ಇಂಥ ದೊಡ್ಡ ಕಂಪನಗಳು ಸರಾಸರಿ 140ರಿಂದ 160 ವರ್ಷಕ್ಕೊಮ್ಮೆ ಬಂದಿವೆ. 1868ಕ್ಕೆ 160 ಕೂಡಿಸಿದರೆ 2028.

ಕಂಪನ ಇಲ್ಲದ ದಿನಗಳಲ್ಲೂ ಈ ಗೆರೆ ಸುಮ್ಮನಿರುವುದಿಲ್ಲ. ವರ್ಷಕ್ಕೆ ಸುಮಾರು 5 ಮಿಲಿಮೀಟರಿನಂತೆ ತೆವಳುತ್ತದೆ. ನವೀಕರಣಕ್ಕೆ ಮುಂಚೆ ‘ಕೆಕೆ’ ಎಂಬ ಆಸನ ವಿಭಾಗದ ಬಳಿ ನಿಂತು ಹೊರಗೋಡೆಯ ಮೇಲಂಚನ್ನು ನೋಡಿದರೆ ಗೋಡೆಯ ಎರಡು ತುಂಡುಗಳು ಒಂದೇ ಗೆರೆಯಲ್ಲಿರಲಿಲ್ಲ. ನಡುವೆ ಸಂದು ಬಾಯಿಬಿಟ್ಟಿತ್ತು. 1923ರಿಂದ ಒಟ್ಟು ಸರಿದದ್ದು ಒಂದು ಅಡಿಗೂ ಮಿಕ್ಕಿ. ಮೈದಾನದಡಿಯ ಕೊಳವೆಯೂ ಬಿರುಕು ಬಿಟ್ಟಿತ್ತು. ಅದನ್ನು ಒಳಹೊಕ್ಕು ಪರೀಕ್ಷಿಸಿದವರ ವೈಜ್ಞಾನಿಕ ವರದಿ ಪ್ರಕಟವಾದದ್ದು 1966ರಲ್ಲಿ. ದುರಸ್ತಿ ಮುಗಿದದ್ದು 2012ರಲ್ಲಿ. ಗೊತ್ತಾದದ್ದಕ್ಕೂ ಸರಿಪಡಿಸಿದ್ದಕ್ಕೂ ನಡುವೆ 46 ವರ್ಷ.

ಯಾರ ಜೇಬಿನಿಂದ?

1997ರಲ್ಲಿ, ರಾಬರ್ಟ್ ಬರ್ಡಾಲ್ ಚಾನ್ಸಲರ್, ಅಂದರೆ ಕ್ಯಾಂಪಸ್ಸಿನ ಮುಖ್ಯಸ್ಥ, ಆಗಿದ್ದಾಗ, ಬರ್ಕ್ಲಿ ತನ್ನ ಎಲ್ಲ ಕಟ್ಟಡಗಳ ಭೂಕಂಪ ತಾಳಿಕೆಯನ್ನು ಪರೀಕ್ಷೆ ಮಾಡಿಸಿತು. ಕ್ಯಾಂಪಸ್ಸಿನ ಒಟ್ಟು ಜಾಗದಲ್ಲಿ ಶೇ. 27ರಷ್ಟು ‘ಕಳಪೆ’ ಅಥವಾ ‘ತೀರಾ ಕಳಪೆ’ ಎಂಬ ದರ್ಜೆಗೆ ಬಿತ್ತು. ಸ್ಟೇಡಿಯಂ ಕೂಡ ಆ ಪಟ್ಟಿಯಲ್ಲಿತ್ತು. ಎಲ್ಲವನ್ನೂ ಸರಿಪಡಿಸಲು ನೂರು ಕೋಟಿ ಡಾಲರಿಗೂ ಹೆಚ್ಚು ಬೇಕು ಎಂಬ ಅಂದಾಜು ಬಂತು. ಪಟ್ಟಿ ಪ್ರಕಟಿಸುವ ಧೈರ್ಯವನ್ನು ಮೆಚ್ಚಲೇಬೇಕು. ಅಪಾಯದ ಕಟ್ಟಡಗಳ ಹೆಸರನ್ನು ಅವುಗಳೊಳಗೆ ದಿನವೂ ಪಾಠ ಕೇಳುವವರ ಮುಂದೆ ಇಡುವ ಆಡಳಿತಗಳು ಕಡಿಮೆ.

ಹಣ ಎಲ್ಲಿಂದ? ಕ್ಯಾಲಿಫೋರ್ನಿಯಾದಲ್ಲಿ ಹಿಂದಿನಿಂದ ಬಂದ ದಾರಿ ಎಂದರೆ ರಾಜ್ಯ ಸರ್ಕಾರದ ಬಾಂಡ್. ಮತದಾರರು ಒಪ್ಪಿದರೆ ರಾಜ್ಯ ಸಾಲ ಎತ್ತುತ್ತದೆ, ರಾಜ್ಯದ ಬೊಕ್ಕಸವೇ ತೀರಿಸುತ್ತದೆ. ವಿಶ್ವವಿದ್ಯಾಲಯಕ್ಕೂ ಪಾಲಿದ್ದ ಇಂಥ ಶಿಕ್ಷಣ ಬಾಂಡಿಗೆ ಮತದಾರರು ಕೊನೆಯದಾಗಿ ಹ್ಞೂಂ ಎಂದದ್ದು 2006ರಲ್ಲಿ. 2020ರ ಮಾರ್ಚ್‌ನಲ್ಲಿ 1,500 ಕೋಟಿ ಡಾಲರಿನ ಇನ್ನೊಂದು ಬಾಂಡ್ ಬಂದಿತ್ತು, ಬಿದ್ದುಹೋಯಿತು. ಅದಕ್ಕೆ ಸಿಕ್ಕ ಕ್ರಮಸಂಖ್ಯೆ 13. 1978ರಲ್ಲಿ ಆಸ್ತಿ ತೆರಿಗೆಗೆ ಮಿತಿ ಹಾಕಿದ ಪ್ರಸಿದ್ಧ ಮತಪ್ರಸ್ತಾವದ ಸಂಖ್ಯೆಯೂ ಅದೇ, ಜನ ಗೊಂದಲಕ್ಕೆ ಬಿದ್ದಿರಬೇಕು ಎಂದು ಆಗ ಹಲವರು ಹಲುಬಿದರು. 2024ರಲ್ಲಿ ಗೆದ್ದ ಬಾಂಡಿನಲ್ಲಿ ಶಾಲೆಗಳಿಗೂ ಎರಡು ವರ್ಷದ ಸಮುದಾಯ ಕಾಲೇಜುಗಳಿಗೂ ಪಾಲಿತ್ತು, ವಿಶ್ವವಿದ್ಯಾಲಯಕ್ಕೆ ಇರಲಿಲ್ಲ.

ಬಾಂಡಿನ ಕಾಲ ಚೆನ್ನಾಗಿದ್ದಾಗಲೂ ಸ್ಟೇಡಿಯಮ್ಮಿಗೆ ಆ ಬಾಗಿಲು ಮುಚ್ಚಿತ್ತು. ರಾಜ್ಯದ ಹಣ ಪಾಠದ ಕೋಣೆಗೆ, ಪ್ರಯೋಗಾಲಯಕ್ಕೆ. ಕ್ರೀಡಾ ಇಲಾಖೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು ಎಂಬುದು ನಿಯಮ, ಕನಿಷ್ಠ ಕಾಗದದ ಮೇಲೆ. ಹಾಗಾಗಿ ಸ್ಟೇಡಿಯಂ ದುರಸ್ತಿಗೆ ರಾಜ್ಯದ ಹಣವನ್ನಾಗಲಿ ವಿದ್ಯಾರ್ಥಿಗಳ ಶುಲ್ಕವನ್ನಾಗಲಿ ಮುಟ್ಟುವುದಿಲ್ಲ ಎಂದು ಆಡಳಿತ ಮಾತು ಕೊಟ್ಟಿತು. ಪ್ರಕರಣದ ತಿರುವು ಇಲ್ಲಿದೆ. ‘ಅಪಾಯ ಇದೆ, ಗೋಡೆ ಭದ್ರ ಮಾಡಬೇಕು’ ಎಂಬ ಕೆಲಸ ‘ಇದು ತಾನೇ ದುಡಿದು ತನ್ನ ಸಾಲ ತೀರಿಸುತ್ತದೆ’ ಎಂಬ ಯೋಜನೆಯ ವೇಷ ತೊಟ್ಟಿತು. ದುಡಿಯಬೇಕಾದರೆ ಐಷಾರಾಮಿ ಆಸನ ಬೇಕು, ಕ್ಲಬ್ ಕೋಣೆ ಬೇಕು, ಹೊಸ ಪತ್ರಕರ್ತರ ಗ್ಯಾಲರಿ ಬೇಕು. ಅವೆಲ್ಲ ಸೇರಿದಂತೆ ಬಿಲ್ ಏರಿತು. ಬಿಲ್ ಏರಿದಷ್ಟೂ ಇನ್ನಷ್ಟು ದುಡಿಮೆ ತೋರಿಸಬೇಕಾಯಿತು.

ಮರ ಏರಿದವರು, ಕೋರ್ಟು ಏರಿದವರು

ಮೊದಲ ಹೆಜ್ಜೆಯಾಗಿ ಆಟಗಾರರನ್ನೂ ತರಬೇತುದಾರರನ್ನೂ ಹಳೆಯ ಸ್ಟೇಡಿಯಮ್ಮಿನ ಹೊಟ್ಟೆಯಿಂದ ಹೊರತರಬೇಕಿತ್ತು. ಪಶ್ಚಿಮದ ಗೋಡೆಗೆ ಒತ್ತಿಕೊಂಡು ಅವರಿಗಾಗಿ ಬೇರೆ ಕೇಂದ್ರ ಕಟ್ಟುವ ಯೋಜನೆ ಬಂತು. ಆ ಜಾಗದಲ್ಲಿ ಓಕ್ ಮರಗಳ ತೋಪಿತ್ತು. 2006ರ ಡಿಸೆಂಬರ್ 2ರಂದು, ಸ್ಟ್ಯಾನ್‌ಫರ್ಡ್ ಜೊತೆಗಿನ ವಾರ್ಷಿಕ ಪಂದ್ಯದ ದಿನವೇ, ಪ್ರತಿಭಟನಕಾರರು ಮರ ಹತ್ತಿ ಕೂತರು. ಸರದಿಯ ಮೇಲೆ ಇಳಿದು ಹತ್ತಿ, ಕೊನೆಯವರು ಇಳಿದದ್ದು 2008ರ ಸೆಪ್ಟೆಂಬರ್ 9ರಂದು.

ಸುದ್ದಿಯಾದದ್ದು ಮರ, ಕೆಲಸ ಕಟ್ಟಿಹಾಕಿದ್ದು ಮೊಕದ್ದಮೆ. ಬರ್ಕ್ಲಿ ನಗರಾಡಳಿತ, ಗುಡ್ಡದ ಮೇಲಿನ ನಿವಾಸಿಗಳ ಸಂಘ, ಓಕ್ ಮರಗಳ ಸಂಸ್ಥೆ, ಮೂವರೂ ಕೋರ್ಟಿಗೆ ಹೋದರು. 1971ರ ಸ್ಯಾನ್ ಫರ್ನಾಂಡೊ ಭೂಕಂಪದ ಮರುವರ್ಷ ಕ್ಯಾಲಿಫೋರ್ನಿಯಾ ಮಾಡಿದ ಆಲ್ಕ್ವಿಸ್ಟ್-ಪ್ರಿಯೋಲೊ ಕಾಯ್ದೆ ಅವರ ಕೈಯಲ್ಲಿದ್ದ ಅಸ್ತ್ರ. ಜೀವಂತ ಸ್ತರಭಂಗದ ಮೇಲೆ ಜನ ವಾಸಿಸುವ, ಸೇರುವ ಹೊಸ ಕಟ್ಟಡ ಕಟ್ಟಕೂಡದು. ಹಳೆಯದನ್ನು ಮಾರ್ಪಡಿಸಬಹುದು, ಆದರೆ ಖರ್ಚು ಆ ಕಟ್ಟಡದ ಬೆಲೆಯ ಅರ್ಧವನ್ನು ಮೀರಕೂಡದು. ಬೆಲೆ ಎಂದರೆ ಈಗ ಮಾರಿದರೆ ಸಿಗುವುದೋ, ಹೊಸದಾಗಿ ಕಟ್ಟಿದರೆ ತಗಲುವುದೋ? ಬಿರುಕು ಬಿಟ್ಟ ಸ್ಟೇಡಿಯಮ್ಮಿಗೆ ಮೊದಲನೆಯ ಲೆಕ್ಕದಲ್ಲಿ ಬೆಲೆಯೇ ಇಲ್ಲ, ಎರಡನೆಯದರಲ್ಲಿ ಕೋಟಿಗಟ್ಟಲೆ. ಹೊಸ ಕೇಂದ್ರದ ಜಾಗದಲ್ಲಿ ಕಂದಕ ತೋಡಿ ಜೀವಂತ ಗೆರೆ ಅಲ್ಲಿ ಹಾಯುವುದಿಲ್ಲ ಎಂದು ಭೂವಿಜ್ಞಾನಿಗಳು ತೋರಿಸಿದ್ದರು. 2008ರಲ್ಲಿ ಕೆಳ ನ್ಯಾಯಾಲಯ ಕೆಲಸಕ್ಕೆ ದಾರಿ ಬಿಟ್ಟಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯವೂ ವಿಶ್ವವಿದ್ಯಾಲಯದ ಪರ ನಿಂತಿತು.

ಅಷ್ಟರಲ್ಲಿ ಕಾಲ ಕೆಟ್ಟಿತ್ತು. 2008ರ ಆರ್ಥಿಕ ಕುಸಿತದಲ್ಲಿ ರಾಜ್ಯ ಅನುದಾನ ಕತ್ತರಿಸಿತು. ಸಿಬ್ಬಂದಿಗೆ ಸಂಬಳವಿಲ್ಲದ ಕಡ್ಡಾಯ ರಜೆ ಬಂತು. 2009ರ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ರೀಜೆಂಟರು ವಿದ್ಯಾರ್ಥಿ ಶುಲ್ಕವನ್ನು ಶೇ. 32ರಷ್ಟು ಏರಿಸಿದರು. ವಿದ್ಯಾರ್ಥಿಗಳು ವೀಲರ್ ಹಾಲ್ ಹೊಕ್ಕು ಬಾಗಿಲು ಹಾಕಿಕೊಂಡರು. ಅದೇ ತಿಂಗಳು ಅಧ್ಯಾಪಕರ ಸಭೆ ಕ್ರೀಡಾ ಇಲಾಖೆಗೆ ಕ್ಯಾಂಪಸ್ಸಿನ ಹಣ ಸುರಿಯುವುದನ್ನು ನಿಲ್ಲಿಸಿ ಎಂದು ಮತ ಹಾಕಿ ಹೇಳಿತು. ಇದಾದ ಮೇಲೆ, 2010ರ ಆರಂಭದಲ್ಲಿ, ಸ್ಟೇಡಿಯಂ ಸಾಲಕ್ಕೆ ರೀಜೆಂಟರ ಒಪ್ಪಿಗೆ ಬಂತು. ಕಟ್ಟಡದ ಅಪಾಯ ನಿಜವೇ, ಒಪ್ಪಿಗೆಯ ಹೊತ್ತು ಮಾತ್ರ ಇದಕ್ಕಿಂತ ಕೆಟ್ಟದ್ದಿರಲಾರದು.

ನೆಲ ಜಾರಿದರೆ ಜಾರಲಿ

ಎಂಜಿನಿಯರುಗಳು ಮಾಡಿದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊವರ್ಡರ ಪಶ್ಚಿಮದ ಹೊರಗೋಡೆಯನ್ನು ಹಾಗೆಯೇ ನಿಲ್ಲಿಸಿಕೊಂಡು ಅದರ ಹಿಂದಿನ ಆಸನಗಳ ಬಟ್ಟಲನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟಿದರು. ಪೂರ್ವದ ಅರ್ಧ ಗುಡ್ಡದ ಮಣ್ಣಿನ ಮೇಲೆಯೇ ಕೂತಿರುವುದರಿಂದ ಅದನ್ನು ಹೆಚ್ಚು ಮುಟ್ಟಲಿಲ್ಲ. ಸವಾಲಿದ್ದದ್ದು ಗೆರೆ ಒಳಹೊಕ್ಕು ಹೊರಬೀಳುವ ಎರಡು ಜಾಗಗಳಲ್ಲಿ, ಉತ್ತರ ಮತ್ತು ದಕ್ಷಿಣದ ತುದಿಗಳಲ್ಲಿ.

ಎಷ್ಟೇ ಕಬ್ಬಿಣ ತುಂಬಿದರೂ ಅಡಿಯ ನೆಲವೇ ಎರಡು ದಿಕ್ಕಿಗೆ ಎಳೆದರೆ ಕಾಂಕ್ರೀಟು ಹರಿಯುತ್ತದೆ. ಆದ್ದರಿಂದ ಫೊರೆಲ್-ಎಲ್ಸೆಸರ್ ಸಂಸ್ಥೆಯ ಎಂಜಿನಿಯರುಗಳು ಅದನ್ನು ತಡೆಯುವ ಗೋಜಿಗೆ ಹೋಗಲಿಲ್ಲ. ಆ ಎರಡು ಭಾಗಗಳನ್ನು ಉಳಿದ ಕಟ್ಟಡದಿಂದ ಬೇರೆ ಮಾಡಿದರು. ಒಂದೊಂದೂ ತನ್ನದೇ ದಪ್ಪ ಕಾಂಕ್ರೀಟ್ ಹಾಸಿನ ಮೇಲೆ ಕೂತ ಸ್ವತಂತ್ರ ತುಂಡು. ಹಾಸಿನ ಅಡಿಯಲ್ಲಿ ಮರಳಿನ ಪದರ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ನೆಲ ಸೀಳಿ ಸರಿದಾಗ ಹಾಳೆಯ ಮೇಲೆ ಇಡೀ ತುಂಡು ಜಾರುತ್ತದೆ, ತಿರುಗುತ್ತದೆ, ಮುರಿಯುವುದಿಲ್ಲ. ಪಕ್ಕದ ಭಾಗಗಳಿಗೂ ಅದಕ್ಕೂ ನಡುವೆ ಢಿಕ್ಕಿಯಾಗದಂತೆ ಅಗಲದ ಸಂದು ಬಿಟ್ಟಿದ್ದಾರೆ. ನೆಲ ಅಡ್ಡಕ್ಕೆ 6 ಅಡಿ, ಮೇಲೆ ಕೆಳಗೆ 2 ಅಡಿ ಸರಿದರೂ ಒಳಗಿರುವ ಜನ ಜೀವಸಹಿತ ಹೊರಬರಬೇಕು ಎಂಬುದು ಗುರಿ.

ಮೇಲೆ ಎತ್ತರದಲ್ಲಿರುವ ಪತ್ರಕರ್ತರ ಗ್ಯಾಲರಿಯನ್ನೂ ಕೆಳಗಿನ ಬಟ್ಟಲಿನಿಂದ ಬಿಡಿಸಿ ಬೇರೆ ಗೋಡೆಗಳ ಮೇಲೆ ನಿಲ್ಲಿಸಿದ್ದಾರೆ. ಆ ಗೋಡೆಗಳು ಕಂಪನಕ್ಕೆ ಸ್ವಲ್ಪ ವಾಲಿ ಮತ್ತೆ ನೇರಕ್ಕೆ ಬರುವಂತೆ ಒಳಗೆ ಉಕ್ಕಿನ ತಂತಿಗಳನ್ನು ಬಿಗಿದಿದ್ದಾರೆ. ಎಲ್ಲದರ ಹಿಂದಿನ ಲೆಕ್ಕ ಒಂದೇ: ಕೆಟ್ಟದ್ದು ಆಗಿಯೇ ಆಗುತ್ತದೆ, ಆದಾಗ ಹೊಂದಿಕೊಳ್ಳಲು ಜಾಗ ಇರಬೇಕು.

2011ರ ತವರಿನ ಪಂದ್ಯಗಳಲ್ಲಿ ಬಹಳಷ್ಟನ್ನು ತಂಡ ಸ್ಯಾನ್‌ಫ್ರಾನ್ಸಿಸ್ಕೋದ ಬೇಸ್‌ಬಾಲ್ ಮೈದಾನದಲ್ಲಿ ಆಡಿತು. 2012ರ ಸೆಪ್ಟೆಂಬರ್ 1ಕ್ಕೆ ಸ್ಟೇಡಿಯಂ ಮತ್ತೆ ತೆರೆಯಿತು, ಸುಮಾರು 63 ಸಾವಿರ ಆಸನಗಳೊಂದಿಗೆ. ಒಂದೇ ವರ್ಷದ ಬಿಡುವಿನಲ್ಲಿ ಇಷ್ಟು ಕೆಲಸ ಮುಗಿಸಿದ್ದು ಸಣ್ಣ ಸಾಧನೆಯಲ್ಲ. ಅವತ್ತಿನ ಪಂದ್ಯದಲ್ಲಿ ಮಾತ್ರ ನೆವಾಡ ವಿರುದ್ಧ 24–31ರಿಂದ ಸೋತರು.

ನಲವತ್ತು ವರ್ಷದ ಸೀಟು, ನೂರು ವರ್ಷದ ಸಾಲ

ಸ್ಟೇಡಿಯಮ್ಮಿಗೆ 32.1 ಕೋಟಿ ಡಾಲರ್, ಪಕ್ಕದ ಕ್ರೀಡಾ ಕೇಂದ್ರಕ್ಕೆ ಸುಮಾರು 15 ಕೋಟಿ. ಇದರಲ್ಲಿ ಸಾಲ ಸುಮಾರು 44.5 ಕೋಟಿ ಡಾಲರ್, 2012ರ ವಿನಿಮಯ ದರದಲ್ಲಿ 2,300 ಕೋಟಿ ರೂಪಾಯಿಯ ಆಸುಪಾಸು. ತೀರಿಸುವ ಉಪಾಯ ಹೀಗಿತ್ತು. ಸುಮಾರು 3,000 ಉತ್ತಮ ಆಸನಗಳನ್ನು 40ರಿಂದ 50 ವರ್ಷಗಳ ಹಕ್ಕಿನ ಮೇಲೆ ಕೊಡುವುದು. ಒಂದೊಂದಕ್ಕೆ 40 ಸಾವಿರದಿಂದ 2.25 ಲಕ್ಷ ಡಾಲರ್. ಹೀಗೆ 27 ಕೋಟಿ ಡಾಲರ್ ಕೂಡಿಸಿ ದತ್ತಿನಿಧಿ ಮಾಡುವುದು, ಅದರ ಆದಾಯದಿಂದ ಬಡ್ಡಿ ಕಟ್ಟುವುದು. ನಿಧಿಯ ಅಸಲು ಹಾಗೇ ಉಳಿದಿರುತ್ತದೆ.

ಕಾಗದದ ಮೇಲೆ ಸೊಗಸಾಗಿದೆ. ಆದರೆ ಕೊಳ್ಳುವವರು ಇಡೀ ಮೊತ್ತವನ್ನು ಒಮ್ಮೆಗೇ ಕೊಡಬೇಕಿರಲಿಲ್ಲ, ದೀರ್ಘ ಕಂತುಗಳಲ್ಲಿ ಕಟ್ಟಬಹುದಿತ್ತು. ಬೇಡವೆನಿಸಿದರೆ ನಡುವೆ ಬಿಟ್ಟು ಹೋಗಲೂ ಅವಕಾಶವಿತ್ತು. ಹಾಗಾದರೆ ಅದು ಕೈಗೆ ಬಂದ ಹಣವಲ್ಲ, ಬರಬಹುದಾದ ಹಣ. ಆ ನಂಬಿಕೆಯ ಮೇಲೆ ಎತ್ತಿದ ಸಾಲದ ಬಡ್ಡಿಯಾದರೋ ತಪ್ಪದೆ ಬರುತ್ತದೆ. ಯೋಜನೆ ಹೆಣೆದದ್ದು ತಂಡ ಚೆನ್ನಾಗಿ ಆಡುತ್ತಿದ್ದ ಕಾಲದಲ್ಲಿ. ಸ್ಟೇಡಿಯಂ ತೆರೆದ ವರ್ಷ 12 ಪಂದ್ಯಗಳಲ್ಲಿ ಗೆದ್ದದ್ದು 3. ತರಬೇತುದಾರ ಜೆಫ್ ಟೆಡ್‌ಫರ್ಡ್ ಮನೆಗೆ ಹೋದರು. ಮರುವರ್ಷ ಗೆದ್ದದ್ದು 1. ಸೋಲುವ ತಂಡಕ್ಕಾಗಿ ನಲವತ್ತು ವರ್ಷದ ಕುರ್ಚಿ ಯಾರಿಗೆ ಬೇಕು? ಆಸನ ಮಾರಾಟ ಗುರಿಯಿಂದ ಬಹಳ ಹಿಂದೆ ಉಳಿಯಿತು, 2013ರಲ್ಲಿ ಯೋಜನೆಯನ್ನೇ ತಿದ್ದಬೇಕಾಯಿತು.

ಮೈದಾನದ ಹೆಸರನ್ನು ಬಾಡಿಗೆಗೆ ಕೊಡುವ ಪ್ರಯತ್ನವೂ ನಡೆಯಿತು. 2013ರಲ್ಲಿ ಕಬಾಮ್ ಎಂಬ ವಿಡಿಯೋ ಗೇಮ್ ಕಂಪನಿ 15 ವರ್ಷಕ್ಕೆ 1.8 ಕೋಟಿ ಡಾಲರ್ ಎಂದಿತು. ಮೂರೇ ವರ್ಷಕ್ಕೆ ಆ ಒಪ್ಪಂದ ಮುಗಿಯಿತು. 2021ರಲ್ಲಿ ಬಂದದ್ದು ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕಂಪನಿ, 10 ವರ್ಷಕ್ಕೆ 1.75 ಕೋಟಿ ಡಾಲರ್. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ದಿವಾಳಿಯೆದ್ದಿತು. ಭೂಕಂಪಕ್ಕೆ ಸಜ್ಜಾಗಿ ನಿಂತ ಮೈದಾನದ ಮೇಲೆ ಕುಸಿದುಬಿದ್ದ ಕಂಪನಿಯ ಹೆಸರು! ಇಂಥದ್ದನ್ನು ಕಥೆಯಲ್ಲಿ ಬರೆದಿದ್ದರೆ ಸಂಪಾದಕರು ಅತಿಯಾಯಿತು ಎಂದು ಹೊಡೆದುಹಾಕುತ್ತಿದ್ದರು.

ಸಾಲದ ರಚನೆ ಇನ್ನೂ ವಿಚಿತ್ರ. 2032ರವರೆಗೆ ಕಟ್ಟುವುದು ಬಡ್ಡಿ ಮಾತ್ರ, ವರ್ಷಕ್ಕೆ ಸುಮಾರು 1.8 ಕೋಟಿ ಡಾಲರ್. ಅಸಲು ಶುರುವಾಗುವುದು ಆಮೇಲೆ, ಆಗ ವಾರ್ಷಿಕ ಹೊರೆ ಜಿಗಿಯುತ್ತದೆ. ಒಂದು ಭಾಗ ನೂರು ವರ್ಷದ ಬಾಂಡ್, ತೀರುವ ಹೊತ್ತಿಗೆ 22ನೇ ಶತಮಾನ ಬಂದಿರುತ್ತದೆ. ವರ್ಷಕ್ಕೆ 5 ಮಿಲಿಮೀಟರಿನ ಲೆಕ್ಕ ಹಿಡಿದರೆ ಕೊನೆಯ ಕಂತಿನೊಳಗೆ ಸ್ಟೇಡಿಯಮ್ಮಿನ ಎರಡು ಕಡೆಗಳು ಇನ್ನೂ ಅರ್ಧ ಮೀಟರ್ ಆಚೀಚೆ ಸರಿದಿರುತ್ತವೆ, ಅದೂ ದೊಡ್ಡ ಕಂಪನ ಬರದಿದ್ದರೆ. ನೆಲಕ್ಕೆ ಜಾರಲು ಜಾಗ ಬಿಟ್ಟ ಯೋಜನೆಯಲ್ಲಿ ಆದಾಯಕ್ಕೆ ಜಾರಲು ಒಂದಿಂಚೂ ಬಿಟ್ಟಿರಲಿಲ್ಲ.

ಸಾಲ ಹಂಚಿದ ದಿನ

2016ರ ಹೊತ್ತಿಗೆ ಇಡೀ ಕ್ಯಾಂಪಸ್ಸೇ ವರ್ಷಕ್ಕೆ 15 ಕೋಟಿ ಡಾಲರ್ ಕೊರತೆಯಲ್ಲಿತ್ತು. 2017ರಲ್ಲಿ ಚಾನ್ಸಲರ್ ಆಗಿ ಬಂದ ಕ್ಯಾರಲ್ ಕ್ರಿಸ್ಟ್ ಕ್ರೀಡಾ ಇಲಾಖೆಯ ಲೆಕ್ಕವನ್ನು ಬಿಡಿಸಿ ನೋಡಿದರು. 2018ರ ಆರಂಭದಲ್ಲಿ ಸ್ಟೇಡಿಯಂ ಸಾಲದ ಅರ್ಧಕ್ಕೂ ಹೆಚ್ಚು, ಸುಮಾರು 23.8 ಕೋಟಿ ಡಾಲರಿನ ಪಾಲನ್ನು ಕ್ಯಾಂಪಸ್ಸಿನ ಹೆಗಲಿಗೆ ಹಾಕಿಕೊಂಡರು. ಭೂಕಂಪದ ಭದ್ರತೆಗೆ ಆದ ಖರ್ಚು ಫುಟ್‌ಬಾಲಿನ ಖರ್ಚಲ್ಲ, ಇಡೀ ಸಂಸ್ಥೆಯ ಹೊಣೆ ಎಂಬುದು ಅದರ ಹಿಂದಿನ ವಾದ.

ಕೊಟ್ಟ ಮಾತು ಮುರಿಯಿತು ಎಂದು ಟೀಕಿಸಿದವರಿದ್ದರು. ಟೀಕೆಯಲ್ಲಿ ಹುರುಳಿದೆ. ಆದರೆ ನನಗನ್ನಿಸುವುದು, 2018ರ ವಾದವೇ ಸರಿಯಾದದ್ದು, ಎಂಟು ವರ್ಷ ತಡವಾಗಿ ಬಂತು ಅಷ್ಟೇ. 2010ರಲ್ಲೇ ಬಿಲ್ಲನ್ನು ಎರಡಾಗಿ ಹರಿದಿದ್ದರೆ ಏನಾಗುತ್ತಿತ್ತು? ಗೋಡೆ, ಅಡಿಪಾಯ, ಜಾರುವ ತುಂಡುಗಳು ಒಂದು ಕಡೆ. ಇದು ಸಂಸ್ಥೆಯ ಕರ್ತವ್ಯ, ದುಡಿಯುತ್ತದೋ ಇಲ್ಲವೋ ಮಾಡಲೇಬೇಕು. ಕ್ಲಬ್ ಕೋಣೆ, ದುಬಾರಿ ಕುರ್ಚಿ ಇನ್ನೊಂದು ಕಡೆ. ಇದು ವ್ಯಾಪಾರ, ಮುಂಗಡ ಹಣ ಕೈಗೆ ಬಂದಷ್ಟೇ ಕಟ್ಟಬೇಕು. ಆಗ ಮೊದಲನೆಯದರ ಮೊತ್ತ ಕಣ್ಣಿಗೆ ಕಾಣುತ್ತಿತ್ತು. ಈ ಮೊತ್ತಕ್ಕೆ ಓಕ್ಲೆಂಡಿನ ಸ್ಟೇಡಿಯಮ್ಮನ್ನು ಬಾಡಿಗೆಗೆ ಹಿಡಿದು ಆಡುವುದು ಅಗ್ಗವೇ, ಇದೇ ಹಣದಲ್ಲಿ ಎಷ್ಟು ಪಾಠದ ಕಟ್ಟಡಗಳನ್ನು ಭದ್ರ ಮಾಡಬಹುದು ಎಂಬ ಚರ್ಚೆ ನೇರವಾಗಿ ನಡೆಯುತ್ತಿತ್ತು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ಭದ್ರತೆಯ ಹೆಸರಿನಲ್ಲಿ ಐಷಾರಾಮಕ್ಕೂ ಒಪ್ಪಿಗೆ ಸಿಕ್ಕಿತು, ಐಷಾರಾಮದ ಆದಾಯ ಬತ್ತಿದಾಗ ಭದ್ರತೆಯ ಸಾಲವೂ ಕುತ್ತಿಗೆಗೆ ಬಂತು.

ಆಡಳಿತದ ಪರವಾಗಿ ಹೇಳಬೇಕಾದದ್ದೂ ಇದೆ. ಗೊತ್ತಿದ್ದೂ ಅರವತ್ತು ಸಾವಿರ ಜನರನ್ನು ಆ ಬಟ್ಟಲಿನಲ್ಲಿ ಕೂರಿಸುತ್ತ ಇನ್ನೊಂದು ದಶಕ ಕಳೆಯುವುದು ಹೊಣೆಗೇಡಿತನವಾಗುತ್ತಿತ್ತು. ರಾಜ್ಯ ಕೈ ಎತ್ತಿದ ಮೇಲೆ ಅವರ ಎದುರಿದ್ದ ದಾರಿಗಳು ಹೆಚ್ಚಿರಲಿಲ್ಲ. ಪಾಠದ ಕಟ್ಟಡಗಳ ಪಾಡು ಇನ್ನೂ ಬಿಗಡಾಯಿಸಿದ್ದು, ಅಲ್ಲಿ ಮಾರಲು ಕುರ್ಚಿಯೂ ಇಲ್ಲ. ಮನಶ್ಶಾಸ್ತ್ರ ವಿಭಾಗವಿದ್ದ ಟೋಲ್ಮನ್ ಹಾಲನ್ನು 2019ರಲ್ಲಿ ಕೆಡವಿದರು. ಗಣಿತ, ಸಂಖ್ಯಾಶಾಸ್ತ್ರ ವಿಭಾಗಗಳ ಇವಾನ್ಸ್ ಹಾಲ್ 1971ರದ್ದು, ಭೂಕಂಪಕ್ಕೆ ತಾಳದು ಎಂದು ದರ್ಜೆಯಾಗಿ ಅದನ್ನೂ ಕೆಡವುವುದೆಂದು ತೀರ್ಮಾನವಾಯಿತು.

ಆದಾಯದ ನೆಲ ಇನ್ನೂ ಸರಿಯುತ್ತಲೇ ಇದೆ. 2023ರಲ್ಲಿ ಬರ್ಕ್ಲಿ ಆಡುತ್ತಿದ್ದ ಪ್ಯಾಕ್-12 ಎಂಬ ಪಶ್ಚಿಮ ಕರಾವಳಿಯ ಕೂಟ ಒಡೆದುಹೋಯಿತು. ಮೊದಲು ಬಿಟ್ಟುಹೋದವರಲ್ಲಿ ಇದೇ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ ಕೂಡ ಒಂದು. ಅದರಿಂದ ಆದ ನಷ್ಟಕ್ಕಾಗಿ ಆ ಕ್ಯಾಂಪಸ್ ಬರ್ಕ್ಲಿಗೆ ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕು ಎಂದು 2024ರಲ್ಲಿ ರೀಜೆಂಟರು ಆಜ್ಞೆ ಮಾಡಿದರು. ಬರ್ಕ್ಲಿ ಅಟ್ಲಾಂಟಿಕ್ ಕರಾವಳಿಯ ಕೂಟ ಸೇರಿ ಈಗ ಸುಮಾರು ಎರಡೂವರೆ ಸಾವಿರ ಮೈಲಿ ಹಾರಿ ಪಂದ್ಯ ಆಡುತ್ತದೆ. ಅಲ್ಲಿ ಮೊದಲ ಏಳು ವರ್ಷ ಟಿವಿ ಹಣದಲ್ಲಿ ಅದಕ್ಕೆ ಸಿಗುವುದು ಪೂರ್ಣ ಪಾಲಿನ ಶೇ. 30 ಮಾತ್ರ. ಎಂಟನೆಯ ವರ್ಷ ಶೇ. 70, ಒಂಬತ್ತನೆಯ ವರ್ಷ ಶೇ. 75, ಹತ್ತನೆಯ ವರ್ಷದಿಂದ ಪೂರ್ತಿ. 2024ರಿಂದ ಎಣಿಸಿದರೆ ಪೂರ್ಣ ಪಾಲು ಕೈಗೆ ಬರುವುದು 2033ರಲ್ಲಿ, ಅಸಲಿನ ಕಂತು ಶುರುವಾದ ಮರುವರ್ಷ.